ಯಾರ ಮಗ ಎಂದು ಕೇಳದ ಪದ



ತಾಯಿಯ ಹೆಸರಿನಲ್ಲಿ ಮಗನೊಬ್ಬ ಇಟ್ಟ ದತ್ತಿಯ ಉಪನ್ಯಾಸ ಇದು. ಕರೆಯಲು ಬಂದವರು ಸ್ಪ್ಯಾನಿಶ್ ಸಾಹಿತ್ಯದ ಬಗ್ಗೆ ಏನಾದರೂ ಹೇಳಿ ಎಂದರು. ಸಾಹಿತ್ಯಕ್ಕೆ ಬರುತ್ತೇನೆ, ಆದರೆ ಸ್ವಲ್ಪ ತಡವಾಗಿ. ದತ್ತಿಯ ಕಾಗದದಲ್ಲಿ ‘ತಾಯಿ’, ‘ಮಗ’ ಎಂಬ ಎರಡು ಪದ ಅಕ್ಕಪಕ್ಕ ಕಂಡಾಗಲೇ ನನ್ನ ಮನಸ್ಸು ಇನ್ನೊಂದು ಪುಟ್ಟ ಪದದ ಬೆನ್ನು ಹತ್ತಿತು. ಎರಡೇ ಅಕ್ಷರ: ಮಿಹೊ. ಹೆಣ್ಣಾದರೆ ಮಿಹಾ. ಸ್ಪ್ಯಾನಿಶ್ ಮನೆಮಾತಾಗಿರುವ ಸುಮಾರು 50 ಕೋಟಿ ಜನರಲ್ಲಿ, ಮುಖ್ಯವಾಗಿ ಅಮೆರಿಕ ಖಂಡಗಳಲ್ಲಿ ಇರುವವರು, ದಿನಕ್ಕೆ ಎಷ್ಟು ಸಲ ಈ ಪದ ಆಡುತ್ತಾರೋ, ಎಷ್ಟು ಸಲ ಕೇಳುತ್ತಾರೋ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಇದು ಕಿವಿಗೆ ಬೀಳುತ್ತದೆ. ಪಂಡಿತರ ಬರಹದಲ್ಲಿ ಹುಡುಕಿದರೆ ಅಪರೂಪ.

ನನಗೂ ಇದು ಪುಸ್ತಕದಿಂದ ಸಿಕ್ಕಿದ್ದಲ್ಲ. ಭಾಷೆ ಕಲಿಯಲೆಂದು ಕೊಲಂಬಿಯಾದ ರಾಜಧಾನಿ ಬೊಗೊತಾಗೆ ಹೋದಾಗ ನನಗೆ ನಲವತ್ತು ದಾಟಿತ್ತು. ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿರುವ ಊರು ಅದು. ಭೂಮಧ್ಯರೇಖೆ ಹತ್ತಿರವಿದ್ದರೂ ವರ್ಷವಿಡೀ ಸ್ವೆಟರ್ ಬೇಕು. ಲಾ ಕಾಂದೆಲಾರಿಯಾ ಎಂಬ ಹಳೆಯ ಬಡಾವಣೆಯಲ್ಲಿ ಒಂದು ಬಾಡಿಗೆ ಕೋಣೆ ಗೊತ್ತುಮಾಡಿಕೊಂಡಿದ್ದೆ. ಬಾಗಿಲು ತಟ್ಟಿದಾಗ ಎಪ್ಪತ್ತು ದಾಟಿದ ಮನೆಯೊಡತಿ ಹೊರಗೆ ಬಂದು, ನನ್ನ ಚೀಲ, ನೆನೆದ ತಲೆ, ಹಣೆಯ ಬೊಟ್ಟು ಎಲ್ಲವನ್ನೂ ಒಮ್ಮೆ ನೋಡಿ, ‘ಸೀಗಾ, ಮಿಹಾ’ ಎಂದರು. ಪಾಠದ ಪುಸ್ತಕದಲ್ಲಿ ‘ಸೀಗಾ’ ಎಂದರೆ ಮುಂದುವರಿಯಿರಿ. ಬೊಗೊತಾದಲ್ಲಿ ಅದಕ್ಕೆ ‘ಒಳಗೆ ಬನ್ನಿ’ ಎಂದರ್ಥ. ಕೈಗೆ ಕೊಟ್ಟದ್ದು ಬಿಸಿ ಆಗ್ವಾಪನೆಲಾ. ಕಬ್ಬಿನ ಹಾಲನ್ನು ಕಾಯಿಸಿ ಅಚ್ಚಿಗೆ ಹೊಯ್ದ ಬೆಲ್ಲವನ್ನು ಅಲ್ಲಿ ಪನೆಲಾ ಎನ್ನುತ್ತಾರೆ. ಅದನ್ನು ನೀರಿನಲ್ಲಿ ಕರಗಿಸಿದರೆ ಆಗ್ವಾಪನೆಲಾ. ಬಂದವರಿಗೆ ಬೆಲ್ಲ ನೀರು ಕೊಡುವ ನಾಡಿನಿಂದ ಹೋದವಳು ನಾನು. ಆ ಲೋಟ ಹಿಡಿದು ಕೂತಾಗ ದಾರಿಯ ದಣಿವೆಲ್ಲ ಕಣ್ಣಿಗೆ ಬಂತು. ನನ್ನ ತಾಯಿ ತೀರಿಕೊಂಡು ಆಗ ಆರು ವರ್ಷವಾಗಿತ್ತು. ಆರು ವರ್ಷದಿಂದ ನನ್ನನ್ನು ಯಾರೂ ಮಗಳೇ ಎಂದು ಕರೆದಿರಲಿಲ್ಲ.

ಪದವನ್ನು ಬಿಡಿಸಿ ನೋಡೋಣ. ‘ಮಿ’ ಎಂದರೆ ನನ್ನ, ‘ಇಹೊ’ ಎಂದರೆ ಮಗ. ಬರೆಯುವಾಗ ‘ಇಹೊ’ದ ಮೊದಲಲ್ಲಿ ಒಂದು ಹಕಾರ ಇದೆ, ಆದರೆ ಆಡುವಾಗ ಅದಕ್ಕೆ ದನಿಯಿಲ್ಲ. ಹಾಗಾಗಿ ‘ಮಿ’ಯ ಇಕಾರವೂ ‘ಇಹೊ’ದ ಇಕಾರವೂ ಎದುರುಬದುರಾಗಿ, ಒಂದು ಬಿದ್ದುಹೋಗಿ, ‘ಮಿಹೊ’ ಉಳಿಯುತ್ತದೆ. ಲೋಪಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ನಾವು ‘ನನ್ನ’ ಮತ್ತು ‘ಅಪ್ಪ’ ಸೇರಿಸಿ ‘ನನ್ನಪ್ಪಾ’ ಎಂದು ಕೂಸನ್ನು ಎತ್ತಿಕೊಳ್ಳುವಾಗ ಆಗುವುದೂ ಇದೇ. ಪ್ರೀತಿಯ ಮಾತು ಎರಡು ಪದಗಳ ನಡುವಿನ ಸಂದನ್ನು ಸೈರಿಸುವುದಿಲ್ಲ. ಹೀಗೆ ಕೂಡಿಕೊಂಡ ಮೇಲೆ ‘ಮಿಹೊ’ ತನ್ನದೇ ಬಾಳು ಕಟ್ಟಿಕೊಂಡಿತು. ನಾಲ್ಕಾರು ಹುಡುಗರನ್ನು ಒಟ್ಟಿಗೆ ಕರೆಯುವಾಗ ವ್ಯಾಕರಣದ ಪ್ರಕಾರ ‘ಮಿಸ್ ಇಹೊಸ್’ ಆಗಬೇಕು. ಜನ ‘ಮಿಹೊಸ್’ ಎನ್ನುತ್ತಾರೆ. ಒಳಗಿನ ‘ನನ್ನ’ ಎಂಬುದು ಕರಗಿ ಪದದ ಮೈಯೇ ಆಗಿಬಿಟ್ಟಿದೆ. ಇನ್ನು ಉಚ್ಚಾರ. ಕೊಲಂಬಿಯಾ, ಕ್ಯೂಬಾ, ವೆನೆಸುವೆಲಾ ಕಡೆ ನಮ್ಮ ಹಕಾರದಷ್ಟೇ ಮೃದುವಾಗಿ ಮಿಹೊ. ಮ್ಯಾಡ್ರಿಡ್‌ನವರ ಗಂಟಲಿನಲ್ಲಿ ‘ಇಹೊ’ ಎಂಬುದು ‘ಇಖೊ’ ಎಂದು ಉಜ್ಜಿಕೊಂಡು ಬರುತ್ತದೆ.

ಆ ದನಿಯಿಲ್ಲದ ಹಕಾರದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಲ್ಯಾಟಿನ್‌ನಲ್ಲಿ ಮಗ ‘ಫಿಲಿಯುಸ್’. ಇಟಲಿಯಲ್ಲಿ ಅದು ಫಿಲ್ಯೊ ಆಯಿತು, ಪೋರ್ಚುಗೀಸರಲ್ಲಿ ಫಿಲ್ಯು ಆಯಿತು. ಎರಡರಲ್ಲೂ ಫಕಾರ ಉಳಿಯಿತು. ಕಾಸ್ಟಿಲ್ ಪ್ರಾಂತದ ಹಳೆಯ ಬರಹಗಳಲ್ಲೂ ಫಕಾರವೇ ಕಾಣುತ್ತದೆ. ಕುಲೀನ ಎಂಬ ಅರ್ಥದ ‘ಇದಾಲ್ಗೊ’ ಎಂಬ ಪದ ಹುಟ್ಟಿದ್ದು ‘ಫಿಹೊ ದಾಲ್ಗೊ’ದಿಂದ, ಅಂದರೆ ಏನಾದರೂ ಉಳ್ಳವರ ಮಗ. ಆಮೇಲೆ ಜನರ ಬಾಯಲ್ಲಿ ಫಕಾರ ಹಕಾರವಾಯಿತು, ಕೊನೆಗೆ ಹಕಾರವೂ ಹೋಯಿತು. ನೆರೆಯ ಬಾಸ್ಕ್ ಭಾಷೆಯ ಪ್ರಭಾವವೇ ಇದಕ್ಕೆ ಕಾರಣ ಎಂದು ಭಾಷಾವಿದ್ವಾಂಸ ರಾಮೋನ್ ಮೆನೆಂದೆಸ್ ಪಿದಾಲ್ ವಾದಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ನಮಗೆ ಈ ದಾರಿ ಹೊಸದಲ್ಲ. ಹಳಗನ್ನಡದ ಪಾಲ್, ಪುಲಿ, ಪೂ ನಮ್ಮಲ್ಲಿ ಹಾಲು, ಹುಲಿ, ಹೂವಾದವು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಅವೇ ಆಲು, ಉಲಿ, ಊವಾದವು. ಎರಡು ಭಾಷೆಗಳಿಗೂ ಒಂದಕ್ಕೊಂದು ಗೊತ್ತೇ ಇರಲಿಲ್ಲ, ನಡೆದ ಹೆಜ್ಜೆ ಮಾತ್ರ ಒಂದೇ ತೆರ.

ಆ ಹೆಜ್ಜೆಯ ಬಗ್ಗೆ ಜನ ಕೊಟ್ಟ ತೀರ್ಪಿನಲ್ಲಿ ಬಂದ ವ್ಯತ್ಯಾಸ ನೋಡಿ. ಹಕಾರ ಬಿಟ್ಟು ಮಾತಾಡುವ ನಮ್ಮ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ತಿದ್ದುತ್ತಾರೆ, ಕೆಲವೊಮ್ಮೆ ನಗುತ್ತಾರೆ. ಸ್ಪೇನಿನಲ್ಲಿ ಇದು ತಿರುವುಮುರುವು. ಅಲ್ಲಿ ಹಕಾರ ಬಿಡುವುದೇ ಶಿಷ್ಟ. ಹಳೆಯ ಹಕಾರವನ್ನು ಇನ್ನೂ ಉಳಿಸಿಕೊಂಡಿರುವ ಆಂದಲೂಸಿಯಾದ ರೈತನೇ ಗಮಾರ. ‘ಆಳವಾದ’ ಎಂಬ ಅರ್ಥದ ‘ಒಂದೊ’ವನ್ನು ಅವನು ‘ಹೊಂದೊ’ ಎನ್ನುತ್ತಾನೆ. ಆದರೆ ಆ ನಾಡಿನ ಹಾಡುಗಾರಿಕೆಗೆ ಜಗತ್ತು ಒಪ್ಪಿಕೊಂಡ ಹೆಸರು ‘ಕಾಂತೆ ಹೊಂದೊ’, ಅವನದೇ ಉಚ್ಚಾರದಲ್ಲಿ. ಹಕಾರ ಇದ್ದರೂ ತಪ್ಪು, ಇಲ್ಲದಿದ್ದರೂ ತಪ್ಪು. ಎರಡೂ ಕಡೆ ನಗೆಗೆ ಗುರಿಯಾದದ್ದು ಮಾತ್ರ ಹೊಲದಲ್ಲಿ ದುಡಿಯುವವನ ನಾಲಗೆ. ಇಲ್ಲಿ ಕೂತಿರುವ ಮೇಷ್ಟ್ರುಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

‘ಮಿಹೊ’ ಎಂಬುದಕ್ಕೆ ಸ್ಪ್ಯಾನಿಶ್‌ನಲ್ಲಿ ಇನ್ನೊಂದು ಅರ್ಥವೂ ಇದೆ, ಬೇರೆ ಬೇರಿನಿಂದ ಬಂದದ್ದು. ಲ್ಯಾಟಿನ್‌ನ ‘ಮಿಲಿಯುಮ್’ ಎಂಬ ಪದದಿಂದ ಬಂದು, ಬರಗು ಮತ್ತು ಅದರ ಬಳಗದ ಕಿರುಧಾನ್ಯಗಳಿಗೆ ಹೆಸರಾಗಿದೆ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿದಾಗ ಸ್ಪ್ಯಾನಿಶ್ ಭಿತ್ತಿಪತ್ರಗಳಲ್ಲಿ ಬಂದದ್ದು ‘ಮಿಹೊ’ ವರ್ಷ ಎಂದೇ. ರಾಗಿ, ನವಣೆ, ಸಾಮೆ ತಿಂದು ಬೆಳೆದ ನನಗೆ ಅದನ್ನು ಓದಿದಾಗ, ಹೊಲದಲ್ಲಿ ನಿಂತ ತೆನೆಯನ್ನು ಯಾರೋ ‘ನನ್ನ ಮಗನೇ’ ಎಂದು ಕರೆದಂತೆ ಕೇಳಿಸಿತು. ಬರೀ ಕಾಕತಾಳೀಯ. ಆದರೂ ಮನಸ್ಸಿಗೆ ಹಿತವಾದದ್ದು.

ಇನ್ನು ಈ ಪದ ದಿನದ ಮಾತಿನಲ್ಲಿ ಹೇಗೆ ಓಡಾಡುತ್ತದೆ ಎಂಬುದಕ್ಕೆ ಬರುತ್ತೇನೆ. ಹೆತ್ತವರು ಮಗನಿಗೆ ಅನ್ನುವುದು ಇದರ ಒಂದು ಅಂಚು ಮಾತ್ರ. ತರಕಾರಿ ಮಾರುವಾಕೆ ಗಿರಾಕಿಗೆ ಅನ್ನುತ್ತಾಳೆ. ನರ್ಸ್ ರೋಗಿಗೆ ಅನ್ನುತ್ತಾಳೆ. ಓರಗೆಯ ಗೆಳತಿಯರು ಒಬ್ಬರಿಗೊಬ್ಬರು ‘ಆಯ್, ಮಿಹಾ’ ಎಂದು ನಿಟ್ಟುಸಿರು ಬಿಟ್ಟು ಕಷ್ಟಸುಖ ಶುರುಮಾಡುತ್ತಾರೆ. ಕೊಲಂಬಿಯಾದ ಬೆಟ್ಟದ ಸೀಮೆಗಳಲ್ಲಿ ನನಗೆ ಬಹಳ ಹಿಡಿಸಿದ ಬಳಕೆ ಗಂಡ ಹೆಂಡಿರದು. ಮದುವೆಯಾಗಿ ನಲವತ್ತು ವರ್ಷವಾದ ಮುದುಕ ‘ಮಿಹಾ, ಕನ್ನಡಕ ಎಲ್ಲಿ?’ ಎಂದು ಕೂಗುತ್ತಾನೆ. ಮುದುಕಿ ‘ನಿಮ್ಮ ತಲೆ ಮೇಲಿದೆ, ಮಿಹೊ’ ಎನ್ನುತ್ತಾಳೆ. ಮಗಳೂ ಅಲ್ಲ, ಮಗನೂ ಅಲ್ಲ. ಮಕ್ಕಳನ್ನು ಕರೆದು ಕರೆದು ರೂಢಿಯಾದ ಪದ, ಮಕ್ಕಳು ದೂರ ಹೋದ ಮೇಲೆ, ಮನೆಯಲ್ಲಿ ಉಳಿದ ಇಬ್ಬರ ಪಾಲಿಗೆ ಬಂದಂತೆ ನನಗೆ ತೋರುತ್ತದೆ.

‘ನಿಮ್ಮ’ ಎಂದೆ, ಗಮನಿಸಿದಿರಾ? ಸ್ಪ್ಯಾನಿಶ್‌ನಲ್ಲಿ ನಮ್ಮ ನೀನು, ನೀವುಗಳ ಹಾಗೆ ‘ತೂ’ ಮತ್ತು ‘ಉಸ್ತೆದ್’ ಇವೆ. ಉಸ್ತೆದ್ ಗೌರವದ್ದು, ದೂರದ್ದು ಎಂದು ಎಲ್ಲ ವ್ಯಾಕರಣಗಳೂ ಹೇಳುತ್ತವೆ. ಬೊಗೊತಾ, ಬೊಯಾಕಾ ಕಡೆಯ ತಾಯಂದಿರು ಆ ವ್ಯಾಕರಣವನ್ನು ಒಪ್ಪಿಲ್ಲ. ತಾಯಿ ಮಗನಿಗೆ ಉಸ್ತೆದ್ ಅನ್ನುತ್ತಾಳೆ, ಅಣ್ಣ ತಮ್ಮನಿಗೆ, ಗೆಳೆಯ ಗೆಳೆಯನಿಗೆ. ‘ಮಿಹೊ, ಯಾ ಕೊಮ್ಯೊ?’ ಎಂಬ ದಿನನಿತ್ಯದ ಪ್ರಶ್ನೆಯನ್ನು ಪದಶಃ ಕನ್ನಡಕ್ಕೆ ತಂದರೆ ‘ಮಗನೇ, ಊಟ ಮಾಡಿದಿರಾ?’ ಎಂದಾಗುತ್ತದೆ. ನಮಗೆ ವಿಚಿತ್ರ. ಅವರಿಗೆ ಆ ಬಹುವಚನದಲ್ಲೇ ಬೆಚ್ಚಗಿನ ಸಲುಗೆ. ನನ್ನ ಮನೆಯೊಡತಿ ಬೆಳಗ್ಗೆ ನಾನು ಹೊರಡುವಾಗಲೆಲ್ಲ ‘ಅಬ್ರೀಗೆಸೆ, ಮಿಹಾ’ ಎನ್ನುತ್ತಿದ್ದರು: ಬೆಚ್ಚಗೆ ಹೊದ್ದುಕೊಳ್ಳಿ, ಮಗಳೇ. ಮೊದಲ ತಿಂಗಳು ಆ ‘ಕೊಳ್ಳಿ’ಯನ್ನು ನಾನು ದೂರ ಎಂದು ತಿಳಿದು ಹಿಂಜರಿದೆ. ಆಮೇಲೆ ತಿಳಿಯಿತು, ಪ್ರೀತಿ ತೋರುವುದಕ್ಕೆ ಏಕವಚನವೇ ಆಗಬೇಕೆಂದೇನೂ ಇಲ್ಲ.

ವೆನೆಸುವೆಲಾ, ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯದ ಮನೆಗಳಲ್ಲಿ ಇನ್ನೊಂದು ಪದ್ಧತಿ. ಮಗ ಹೊರಗೆ ಹೊರಡುವಾಗ, ಒಳಗೆ ಬರುವಾಗ, ಫೋನು ಎತ್ತಿದಾಗ, ಮಲಗುವ ಮುಂಚೆ ‘ಬೆಂದಿಸ್ಯೋನ್’ ಎನ್ನಬೇಕು. ಆಶೀರ್ವಾದ ಎಂದಷ್ಟೇ ಅರ್ಥ. ಹಿರಿಯರು ‘ದೇವರು ಒಳ್ಳೆಯದು ಮಾಡಲಿ, ಮಿಹೊ’ ಎಂದು ಹರಸಬೇಕು. ಈ ಹರಕೆಯ ಒಂದು ರೂಪ ‘ದ್ಯೋಸ್ ಮೆ ಲೊ ಬೆಂದಿಗಾ’. ಇದರಲ್ಲಿ ‘ಮೆ’ ಎಂಬ ಸಣ್ಣ ಪದ ಇದೆಯಲ್ಲ, ಅದರ ಮೇಲೆ ನಾನು ತರಗತಿಯಲ್ಲಿ ಒಂದು ಗಂಟೆ ಮಾತಾಡಿದ್ದುಂಟು. ‘ಮೆ’ ಎಂದರೆ ನನಗೆ. ದೇವರು ಅವನನ್ನು ‘ನನಗೆ’ ಹರಸಲಿ. ಹರಕೆ ಮಗನಿಗೆ, ವಿಭಕ್ತಿ ತಾಯಿಗೆ! ಹಾಗೆಯೇ ಡಾಕ್ಟರ ಮುಂದೆ ಕೂತ ತಾಯಿ ‘ಎಲ್ ನೀನ್ಯೊ ನೊ ಮೆ ಕೊಮೆ’ ಎನ್ನುತ್ತಾಳೆ: ಮಗು ನನಗೆ ಊಟ ಮಾಡುತ್ತಿಲ್ಲ. ಮಗುವಿಗೆ ಜ್ವರ ಬಂದರೆ ಅದು ‘ನನಗೆ’ ಜ್ವರ ಬಿದ್ದಿತು. ವೈಯಾಕರಣರು ಇದಕ್ಕೆ ಹಿತಾಸಕ್ತಿಯ ಚತುರ್ಥಿ ಎಂಬಂಥ ಹೆಸರಿಟ್ಟಿದ್ದಾರೆ, ತೆಗೆದರೆ ವಾಕ್ಯಕ್ಕೆ ಕೊರತೆಯಿಲ್ಲ ಎಂದೂ ಹೇಳಿದ್ದಾರೆ. ವಾಕ್ಯಕ್ಕೆ ಇಲ್ಲದಿರಬಹುದು. ಮಗು ಉಣ್ಣದಿದ್ದರೆ ಸಂಕಟಪಡುವ ಒಬ್ಬಳು ಆ ವಾಕ್ಯದಲ್ಲಿ ಇದ್ದಾಳೆ. ತೆಗೆದರೆ ಅವಳು ಹೋಗುತ್ತಾಳೆ. ಮಿಹೊದ ‘ಮಿ’ಯೂ ಈ ‘ಮೆ’ಯೂ ಒಂದೇ ಮನೆಯವು. ನಾನು ಇದನ್ನು ಒಡೆತನದ ಷಷ್ಠಿ ಎಂದು ಓದುವುದಿಲ್ಲ. ನಿನ್ನ ಕಷ್ಟಸುಖಕ್ಕೆ ನಾನು ಬಾಧ್ಯಳು ಎಂದು ಒಪ್ಪಿಕೊಂಡ ಗುರುತೆಂದು ಓದುತ್ತೇನೆ.

ಮೆಕ್ಸಿಕೊದಲ್ಲಿ ತೀರಾ ಸಾಮಾನ್ಯವಾದ ಮಾತು ‘ಎಚಲೆ ಗಾನಸ್, ಮಿಹೊ’. ಮನಸ್ಸಿಟ್ಟು ಮಾಡು ಮಗಾ, ಹುಮ್ಮಸ್ಸು ಬಿಡಬೇಡ. ಪರೀಕ್ಷೆಗೆ ಹೋಗುವವನಿಗೆ, ಕೆಲಸ ಕಳೆದುಕೊಂಡವನಿಗೆ, ಗಡಿ ದಾಟಿ ಉತ್ತರಕ್ಕೆ ಹೊರಟವನಿಗೆ, ಎಲ್ಲರಿಗೂ ಇದೇ. ಎಕ್ವದೋರ್‌ನ ಕೀತೊ ನಗರದ ಹುಡುಗರು ‘ಮಿಹಿನ್’ ಎಂದು ಮೊಟಕಾಗಿಸಿ ಗೆಳೆಯನಿಗೆ ಅನ್ನುತ್ತಾರೆ. ಬೆಂಗಳೂರಿನ ಕಾಲೇಜು ಹುಡುಗರ ‘ಏನ್ ಮಗಾ’ ಇಲ್ಲಿ ನಿಮಗೆ ನೆನಪಾಗುತ್ತದೆ, ನನಗೂ ಆಯಿತು. ಚಿಲಿಯಲ್ಲಿ ‘ಮಿಹೀತೊ ರೀಕೊ’ ಎಂದರೆ ಸರಸದ ಮಾತು, ಸುಂದರನನ್ನು ಕಂಡು ಹೆಂಗಸರು ಆಡುವಂಥದು. ಅಟ್ಲಾಂಟಿಕ್ ದಾಟಿದರೆ, ಸ್ಪೇನಿನಲ್ಲಿ ‘ಮಿ’ ಇಲ್ಲದ ಬರಿಯ ‘ಇಹೊ’, ‘ಇಹಾ’ ಹೆಚ್ಚು. ಅದರಲ್ಲಿ ಪ್ರೀತಿಯಷ್ಟೇ ಬೇಸರವೂ ಇರಬಹುದು. ಕೆನರಿ ದ್ವೀಪಗಳಲ್ಲಿ ಅಂಗಡಿಯವಳು ಎಂಬತ್ತರ ಮುದುಕನನ್ನೂ ‘ಮಿ ನೀನ್ಯೊ’, ನನ್ನ ಕೂಸೇ, ಎನ್ನುತ್ತಾಳೆ.

ಆದರೆ ಇದೇ ಪದ ಚುಚ್ಚಲೂಬಲ್ಲದು. ‘ಮಿಹೀತೊ’ ಎಂದರೆ ಪುಟ್ಟ ಮಗ. ಇನ್ನಷ್ಟು ಅಕ್ಕರೆ ಇರಬೇಕಿತ್ತು. ಆದರೆ ‘ಮೀರಾ, ಮಿಹೀತೊ’ ಎಂದು ವಾಕ್ಯ ಶುರುವಾದರೆ ಎಚ್ಚರವಾಗಿರಬೇಕು. ‘ಇಲ್ನೋಡಪ್ಪಾ’ ಎಂದು ನಾವು ಹಲ್ಲು ಕಚ್ಚಿ ಹೇಳುವುದಿಲ್ಲವೇ, ಅದೇ. ಅದಕ್ಕಿಂತ ನೋವಿನದು ಕಚೇರಿಯ ‘ಮಿಹಾ’. ಸಭೆಯಲ್ಲಿ ಲೆಕ್ಕಪತ್ರ ಒಪ್ಪಿಸುತ್ತಿರುವ ಇಂಜಿನಿಯರ್ ಹೆಣ್ಣುಮಗಳಿಗೆ ಮೇಲಧಿಕಾರಿ ‘ನೋ, ಮಿಹಾ, ಹಾಗಲ್ಲ’ ಎಂದರೆ, ಆ ಒಂದು ಪದ ಅವಳ ಓದು, ಅನುಭವ, ಸಂಬಳ ಎಲ್ಲವನ್ನೂ ಕಿತ್ತುಕೊಂಡು ಅವಳನ್ನು ಹತ್ತು ವರ್ಷದ ಹುಡುಗಿಯಾಗಿ ನಿಲ್ಲಿಸುತ್ತದೆ. ನಮ್ಮ ಕಚೇರಿಗಳಲ್ಲಿ ‘ಕೇಳಮ್ಮಾ ಇಲ್ಲಿ’ ಎನ್ನಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಪದ ಅಧಿಕಾರದ ಕುರ್ಚಿಯಲ್ಲಿ ಕೂತರೆ ಹೀಗಾಗುತ್ತದೆ. ಕೊಟ್ಟ ಸಲುಗೆಯನ್ನು ತಿರುಗಿ ಕೊಡಲು ಆಗದಿದ್ದಾಗ ಅದು ಸಲುಗೆಯಾಗಿ ಉಳಿಯುವುದಿಲ್ಲ. ಅವಳು ಅವನನ್ನು ‘ಮಿಹೊ’ ಎನ್ನಲಾರಳು.

ಮಿಹೊದ ಪಕ್ಕದಲ್ಲಿ ಇನ್ನೊಂದು ಕರೆ ಇದೆ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕೆರಿಬಿಯನ್ ಕಡೆಯ ತಾಯಿ ಎರಡು ವರ್ಷದ ಗಂಡುಕೂಸನ್ನು ‘ಪಾಪಿ’ ಎನ್ನುತ್ತಾಳೆ, ಹೆಣ್ಣುಕೂಸನ್ನು ‘ಮಾಮಿ’. ಅಂದರೆ ಅಪ್ಪಾ, ಅಮ್ಮಾ. ಮಗು ಕರೆಯಬೇಕಾದ ಹೆಸರಿನಿಂದಲೇ ಮಗುವನ್ನು ಕರೆಯುವುದು. ಹೊರಗಿನವರಿಗೆ ಇದು ಒಗಟು. ‘ಬಾರಪ್ಪಾ ಉಣ್ಣು’, ‘ಯವ್ವಾ, ಅಳಬ್ಯಾಡ’ ಎಂದು ಮಕ್ಕಳನ್ನು ರಮಿಸುವ ನಮಗೆ ಇದರಲ್ಲಿ ಒಗಟೇನೂ ಇಲ್ಲ. ಕನ್ನಡದ ಕಿವಿಗೆ ‘ಪಾಪಿ’ ಎಂಬುದು ಬೇರೆಯೇ ಆಗಿ ಕೇಳುತ್ತದೆ ಎಂಬುದೊಂದೇ ತೊಡಕು. ನಮ್ಮ ‘ಪಾಪು’ವನ್ನು ನೆನೆದರೆ ಸರಿಹೋಗುತ್ತದೆ. ಡೊಮಿನಿಕನ್ ಗಣರಾಜ್ಯದ ಬೇಸ್‌ಬಾಲ್ ಆಟಗಾರ ಡೇವಿಡ್ ಓರ್ತಿಸ್ 2003ರಿಂದ 2016ರವರೆಗೆ ಬಾಸ್ಟನ್ ತಂಡಕ್ಕೆ ಆಡಿದರು. ಎದುರಿಗೆ ಬಂದವರನ್ನೆಲ್ಲ ಪಾಪಿ ಎನ್ನುತ್ತಿದ್ದುದರಿಂದ ಇಂಗ್ಲಿಷ್ ಮಾತಾಡುವ ಆ ಊರು ಅವರನ್ನೇ ‘ಬಿಗ್ ಪಾಪಿ’ ಎಂದು ಕರೆಯತೊಡಗಿತು. ಕರೆದವನಿಗೇ ಕರೆ ಹೆಸರಾಗಿ ನಿಂತಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸ್ಪ್ಯಾನಿಶ್‌ನಲ್ಲಿ ‘ಇಹೊ’ ಪದದ ಇನ್ನೊಂದು ಮುಖ ಬೀದಿಯಲ್ಲಿದೆ. ‘ಇಹೊ ದೆ...’, ‘ಇಂಥವಳ ಮಗನೇ’, ಎಂದು ಶುರುವಾಗುವ ಬೈಗುಳಗಳು ಆ ಭಾಷೆಯಲ್ಲಿ ಲೆಕ್ಕವಿಲ್ಲದಷ್ಟು. ನಮ್ಮಲ್ಲೂ ಇವೆ, ಯಾವುವೆಂದು ನಿಮಗೆ ಗೊತ್ತು. ಮೆಕ್ಸಿಕೊದವರು ಆಶ್ಚರ್ಯಕ್ಕೆ, ಗಾಬರಿಗೆ, ಸಂಕೋಚಕ್ಕೆ ಬಳಸುವ ಸಭ್ಯ ಉದ್ಗಾರ ‘ಈಹೊಲೆ’ ಕೂಡ ಅಂಥ ಬೈಗುಳದ ಮೊದಲ ತುಂಡು. ಉಳಿದದ್ದನ್ನು ನುಂಗಿಕೊಂಡು ಬಾಲ ಅಂಟಿಸಿದ್ದಾರೆ. ಈ ಬೈಗುಳದ ಬೆನ್ನು ಹತ್ತಿ ಒಂದು ದೇಶದ ಮನಸ್ಸನ್ನೇ ಓದಲು ಹೊರಟವರು ಒಕ್ತಾವ್ಯೊ ಪಾಸ್. 1962ರಿಂದ 1968ರವರೆಗೆ ಭಾರತದಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ, 1990ರಲ್ಲಿ ನೊಬೆಲ್ ಪಡೆದ ಕವಿ. ಏಕಾಂತದ ಚಕ್ರವ್ಯೂಹ ಎಂಬ ಅರ್ಥದ ಹೆಸರಿರುವ, 1950ರಲ್ಲಿ ಬಂದ ಅವರ ಪುಸ್ತಕದಲ್ಲಿ ‘ಮಲಿಂಚೆಯ ಮಕ್ಕಳು’ ಎಂಬ ಅಧ್ಯಾಯವಿದೆ. 1519ರಲ್ಲಿ ಮೆಕ್ಸಿಕೊದ ಕರಾವಳಿಗೆ ಬಂದ ಎರ್ನಾನ್ ಕೊರ್ತೆಸ್‌ಗೆ ಕಾಣಿಕೆಯಾಗಿ ಒಪ್ಪಿಸಲಾದ ಹೆಂಗಸರಲ್ಲಿ ಮಲಿಂಚೆ ಒಬ್ಬಳು. ಅವನಿಗೆ ದುಭಾಷಿಯಾದಳು, ಅವನ ಮಗನನ್ನು ಹೆತ್ತಳು. ಬಲಾತ್ಕಾರಕ್ಕೆ ಒಳಗಾದ ತಾಯಿಯ ಮಕ್ಕಳು ನಾವು ಎಂಬ ಗಾಯವೇ ಮೆಕ್ಸಿಕೊದವರ ಬೈಗುಳದಲ್ಲಿ ಬಾಯಿ ತೆರೆಯುತ್ತದೆ ಎಂಬುದು ಪಾಸ್ ವಾದ. ಮುಂದೆ ಸ್ತ್ರೀವಾದಿ ಲೇಖಕಿಯರು ಮಲಿಂಚೆಯ ಪರವಾಗಿ ನಿಂತು ಈ ವಾದವನ್ನು ಬಲವಾಗಿ ಪ್ರಶ್ನಿಸಿದರು.

ನನಗೆ ಆ ಅಧ್ಯಾಯ ದೊಡ್ಡದು. ಆದರೆ ಅದರಲ್ಲಿ ಕೇಳುವುದು ಗಂಡಸರ ಕೂಗು, ಅದೂ ಬೀದಿಯದು, ಹೆಂಡದಂಗಡಿಯದು. ಅದೇ ಊರಿನ ಅದೇ ಸಂಜೆ, ನಾಲ್ಕು ಗೋಡೆಯ ಆಚೆ, ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿರುವ ಅಜ್ಜಿ ಅದೇ ‘ಇಹೊ’ ಪದವನ್ನು ಎತ್ತಿಕೊಂಡು, ಮುಂದಿನ ‘ಇಂಥವಳ’ ಎಂಬುದನ್ನು ಕತ್ತರಿಸಿ, ಹಿಂದೆ ‘ಮಿ’ ಸೇರಿಸಿ ಮೊಮ್ಮಗನನ್ನು ಕರೆಯುತ್ತಾಳೆ. ಬೈಗುಳ ‘ನೀನು ಯಾರ ಮಗ?’ ಎಂದು ಕೇಳುತ್ತದೆ. ಇದಾಲ್ಗೊ ಎಂಬ ಕುಲೀನ ಪದವೂ ಕೇಳುವುದು ಅದನ್ನೇ, ಬಿರುದಿನ ಭಾಷೆಯಲ್ಲಿ. ಮಿಹೊ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಯಾರಿಗಾದರೂ ಹುಟ್ಟಿರು, ಈ ಹೊತ್ತಿಗೆ ನನ್ನವನು. ಬಸವಣ್ಣನವರ ಒಂದು ವಚನವನ್ನು ನಾವೆಲ್ಲ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೇವೆ. ಯಾರವನು ಎಂಬ ಪ್ರಶ್ನೆಯನ್ನು ದೂರ ತಳ್ಳಿ, ಕೊನೆಗೆ ತನ್ನನ್ನು ಮನೆಮಗನಾಗಿ ಎಣಿಸೆಂದು ಕೇಳಿಕೊಳ್ಳುವ ವಚನ. ಅಷ್ಟು ದೊಡ್ಡ ಬೇಡಿಕೆಗೆ ಆ ಕಡೆಯ ಜನ, ತಮಗೇ ಗೊತ್ತಿಲ್ಲದೆ, ದಿನಕ್ಕೆ ನೂರು ಸಲ ಹೂಂ ಅನ್ನುತ್ತಿದ್ದಾರೆ ಎಂದು ನನಗೆ ಅನ್ನಿಸಿದ್ದುಂಟು. ಅನಾಥ ಹುಡುಗನಿಗೂ ಮಿಹೊ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಅಪರಿಚಿತನಿಗೂ ಮಿಹೊ.

ಕೊಟ್ಟ ಪದವನ್ನು ಹಿಂದಕ್ಕೆ ತೆಗೆದುಕೊಂಡರೆ ಏನಾಗುತ್ತದೆ? ಸಾಹಿತ್ಯಕ್ಕೆ ಬರುತ್ತೇನೆ ಎಂದಿದ್ದೆನಲ್ಲ, ಇಲ್ಲಿ ಬಂದೆ. ಮೆಕ್ಸಿಕೊದ ಹ್ವಾನ್ ರುಲ್ಫೊ 1953ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ ‘ನಾಯಿ ಬೊಗಳುವುದು ನಿನಗೆ ಕೇಳಿಸುತ್ತಿಲ್ಲವೇ’ ಎಂಬ ಅರ್ಥದ ಶೀರ್ಷಿಕೆಯ ಕಥೆಯಿದೆ. ಕೆಲವೇ ಪುಟ. ಗಾಯಗೊಂಡ ಬೆಳೆದ ಮಗನನ್ನು ಮುದಿ ತಂದೆ ಹೆಗಲ ಮೇಲೆ ಹೊತ್ತು, ಬೆಳದಿಂಗಳಲ್ಲಿ, ತೊನಾಯಾ ಎಂಬ ಊರಿನ ಡಾಕ್ಟರ ಕಡೆ ನಡೆಯುತ್ತಾನೆ. ಮಗನ ಕೈಗಳು ತಂದೆಯ ತಲೆಯನ್ನು ಬಿಗ್ಗನೆ ಹಿಡಿದಿರುವುದರಿಂದ ಅವನಿಗೆ ಕಿವಿ ಕೇಳಿಸುತ್ತಿಲ್ಲ. ಊರು ಹತ್ತಿರ ಬಂದಿದೆಯೇ ಎಂದು ತಿಳಿಯಲು ನಾಯಿ ಬೊಗಳುವುದು ಕೇಳಿಸುತ್ತಿದೆಯೇ ಎಂದು ಮಗನನ್ನು ಕೇಳುತ್ತಲೇ ಇರುತ್ತಾನೆ. ಮಗ ದರೋಡೆಕೋರ, ಕೊಲೆಗಾರ. ತನಗೆ ಜ್ಞಾನಸ್ನಾನ ಮಾಡಿಸಿದ ಹಿರಿಯನನ್ನೂ ಬಿಡದವನು.

ಕಥೆ ಶುರುವಾಗುವಾಗ ತಂದೆಯ ಮಾತು ‘ತೂ’, ನೀನು. ನಡುವೆ ಸಿಟ್ಟು ಉಕ್ಕಿದಾಗ ಅವನು ‘ಉಸ್ತೆದ್’ಗೆ ಜಾರುತ್ತಾನೆ. ಬೊಗೊತಾದಲ್ಲಿ ಬೆಚ್ಚಗಿದ್ದ ಅದೇ ಪದ ಇಲ್ಲಿ ಮಂಜುಗಡ್ಡೆ. ಇದೆಲ್ಲ ಮಾಡುತ್ತಿರುವುದು ನಿಮಗಾಗಿ ಅಲ್ಲ, ಸತ್ತುಹೋದ ನಿಮ್ಮ ತಾಯಿಗಾಗಿ ಎನ್ನುತ್ತಾನೆ. ನನ್ನ ಪಾಲಿಗೆ ನೀವು ಮಗನೇ ಅಲ್ಲ ಎಂದುಬಿಡುತ್ತಾನೆ. ‘ಇಹೊ’ ಎಂಬ ಪದವನ್ನು ಅವನ ಮೈಮೇಲಿನಿಂದ ಅಂಗಿ ಕಳಚಿದಂತೆ ಕಳಚುತ್ತಾನೆ. ಆದರೆ ಮಗನನ್ನು ಮಾತ್ರ ಕೆಳಗಿಳಿಸುವುದಿಲ್ಲ. ಬಾಯಿ ತಿರಸ್ಕರಿಸುತ್ತಿದೆ, ಬೆನ್ನು ಹೊರುತ್ತಿದೆ. ಕೊನೆಗೆ ಊರು ಮುಟ್ಟಿ, ಕತ್ತಿಗೆ ಬಿಗಿದಿದ್ದ ಬೆರಳುಗಳನ್ನು ಕಷ್ಟಪಟ್ಟು ಬಿಡಿಸಿಕೊಂಡಾಗ, ಎಲ್ಲ ಕಡೆಯಿಂದ ನಾಯಿಗಳ ಬೊಗಳಾಟ ತಂದೆಯ ಕಿವಿಗೆ ಬೀಳುತ್ತದೆ. ನಿನಗಿದು ಕೇಳಿಸಲಿಲ್ಲವೇ, ಇಷ್ಟು ಭರವಸೆಯನ್ನೂ ಕೊಡಲಿಲ್ಲವಲ್ಲ ಎಂದು ಕೇಳುತ್ತಾನೆ. ಆ ಕೊನೆಯ ಪ್ರಶ್ನೆಯಲ್ಲಿ ಅವನು ಮತ್ತೆ ‘ತೂ’ಗೆ ಬಂದಿದ್ದಾನೆ. ಉತ್ತರ ಕೊಡಲು ಹೆಗಲ ಮೇಲಿರುವವನು ಬಹುಶಃ ಬದುಕಿಲ್ಲ.

ಇಂಗ್ಲಿಷಿನಲ್ಲಿ ಈ ಕಥೆ ಓದಿದವರಿಗೆ ಇಷ್ಟೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲವೂ ಒಂದೇ ‘ಯೂ’. ಕನ್ನಡಕ್ಕೆ ನೀನು ಇದೆ, ನೀವು ಇದೆ. ಸ್ಪ್ಯಾನಿಶ್ ಸಾಹಿತ್ಯ ನಮಗೆ ಬಹುಪಾಲು ಇಂಗ್ಲಿಷಿನ ಮೂಲಕ ಬರುವುದರಿಂದ, ನಮ್ಮಲ್ಲೇ ಇರುವ ಕೀಲಿಕೈಯನ್ನು ಬಳಸುವ ಅವಕಾಶ ನಮಗೆ ಸಿಗುತ್ತಿಲ್ಲ. ಇದು ನನ್ನ ಬಹುಕಾಲದ ಕೊರಗು. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಆ ಭಾಷೆಯನ್ನು ನೇರವಾಗಿ ಕಲಿಯಲು ಹೊರಟರೆ ಇವತ್ತು ನಾನು ಬಂದದ್ದು ಸಾರ್ಥಕ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2020ರ ಜನಗಣತಿಯ ಪ್ರಕಾರ ಲ್ಯಾಟಿನ್ ಅಮೆರಿಕದ ಮತ್ತು ಸ್ಪ್ಯಾನಿಶ್ ಮೂಲದ ಜನ 6.2 ಕೋಟಿ. ಅವರ ಮೂರನೆಯ ತಲೆಮಾರಿನ ಅನೇಕ ಮಕ್ಕಳಿಗೆ ಸ್ಪ್ಯಾನಿಶ್ ಬಾರದು. ಕ್ರಿಯಾಪದಗಳು ಹೋಗಿವೆ, ಲಿಂಗ ವಚನ ಹೋಗಿವೆ, ಅಜ್ಜಿಯ ಕಥೆ ಅರ್ಥವಾಗುವುದಿಲ್ಲ. ಆದರೂ ಇಂಗ್ಲಿಷ್ ವಾಕ್ಯದ ತುದಿಯಲ್ಲಿ ‘ಮಿಹೊ’ ಉಳಿದಿದೆ. 2017ರ ‘ಕೊಕೊ’ ಎಂಬ ಚಲನಚಿತ್ರದಲ್ಲಿ ಇಂಗ್ಲಿಷ್ ಮಾತಾಡುವ ಮೆಕ್ಸಿಕನ್ ಅಜ್ಜಿ ಮೊಮ್ಮಗನನ್ನು ಕರೆಯುವುದು ಹೀಗೆಯೇ. ಅದಕ್ಕೆ ಅನುವಾದ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹೊರದೇಶದ ನಮ್ಮ ಮನೆಗಳಲ್ಲೂ, ಇಂಗ್ಲಿಷಿನಲ್ಲೇ ಗದರಿ ಇಂಗ್ಲಿಷಿನಲ್ಲೇ ಮುದ್ದಿಸುವ ತಾಯಂದಿರ ಬಾಯಲ್ಲಿ, ‘ಕಂದಾ’ ಎಂಬುದೊಂದು ಉಳಿದಿರುವುದನ್ನು ನಾನು ಕೇಳಿದ್ದೇನೆ.

ಬೊಗೊತಾ ಬಿಟ್ಟು ಬಂದ ಮೇಲೆ ಆ ಮನೆಯೊಡತಿಯ ಬಗ್ಗೆ ಒಂದು ಲೇಖನ ಬರೆಯಲು ಕೂತೆ. ರಾತ್ರಿ ತಡವಾಗಿ ಬಂದಾಗಲೆಲ್ಲ ಅವರು ಒಳಗಿನಿಂದ ಕೇಳುತ್ತಿದ್ದ ಮಾತನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಎಂಬಲ್ಲಿ ಕೈ ನಿಂತಿತು. ‘ಮಗಳೇ’ ಎಂದು ಬರೆದೆ, ನಾಟಕದ ಮಾತಾಯಿತು. ‘ಮಗು’ ಎಂದೆ, ನನ್ನ ನರೆತ ಕೂದಲಿಗೆ ಹೊಂದಲಿಲ್ಲ. ‘ಪುಟ್ಟಾ’, ‘ಕಂದಾ’ ಎರಡನ್ನೂ ಬರೆದು ಹೊಡೆದುಹಾಕಿದೆ. ಅವರು ಕೊಟ್ಟಿದ್ದ ಬಹುವಚನವನ್ನು ಉಳಿಸಿಕೊಳ್ಳುವ ಆಸೆ ಬೇರೆ. ತಿಂಗಳುಗಟ್ಟಲೆ ಆ ಜಾಗ ಖಾಲಿ ಇತ್ತು. ಒಂದು ದಿನ ಹಾವೇರಿ ಬಸ್ ನಿಲ್ದಾಣದಲ್ಲಿ ಹಣ್ಣು ಮಾರುವ ಮುದುಕಿಯೊಬ್ಬಳು, ಪೇರಲ ತೂಗುತ್ತ, ಮುಖ ಎತ್ತಿ ಸಹ ನೋಡದೆ ನನಗೊಂದು ಮಾತು ಅಂದಳು. ಬಸ್ಸಿನಲ್ಲಿ ಕೂತು ಅದನ್ನೇ ಬರೆದುಕೊಂಡೆ. ಕರಡಿನಲ್ಲಿ ಆ ಸಾಲು ಈಗ ಹೀಗಿದೆ: ಕತ್ತಲ ಕೋಣೆಯ ಒಳಗಿನಿಂದ ಅವರು ಕೇಳಿದರು, ‘ಉಂಡ್ರೇನ, ನಮ್ಮವ್ವಾ?’